ಅಪ್ಪನ ‘ಶ್ರೀ’ ಠಸ್ಸೆ

ನಮ್ಮಪ್ಪ ರೇಷ್ಮೆಗೂಡಿನ ಲೆಕ್ಕ ಬರೀತಿದ್ದ ಪುಸ್ತಕಗಳು ಇನ್ನೂ ನಮ್ಮನೆ ಅಟ್ಟದ ಮೇಲವೆ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕಿ ಬಂದ ದಿನ ರಾತ್ರಿ ಊಟ ಆದ್ಮೇಲೆ, ಹೊಸ ಹಾಳೆ ತೆಗೆದು, ಮೇಲ್ಗಡೆ ಮಧ್ಯಕ್ಕೆ ಒಂದು ‘ಶ್ರೀ’ ಬರೀತಿದ್ದ. ಆಮೇಲೇನೇ ಕೆ.ಜಿ. ಎಷ್ಟು, ರೇಟೆಷ್ಟು, ಆಳಿನ ಕೂಲಿ ಎಷ್ಟು ಅನ್ನೋದು. ರೇಟು ಬಿದ್ದೋದ ದಿನಾನೂ ಆ ‘ಶ್ರೀ’ ಮಾತ್ರ ಒಂದೇ ಥರ. ಕೆಳಗಿನ ರಕಾರದ ಒತ್ತು ಕುಡುಗೋಲು ಬಾಗಿದಂಗೆ ಎಡಕ್ಕೆ ಎಳೆದಿರ್ತಿತ್ತು, ಮೇಲಿನ ದೀರ್ಘ ಸ್ವಲ್ಪ ಅತಿಯಾಗೇ ಬಲಕ್ಕೆ ಓಡ್ತಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಮಾತ್ರ ಶಾನುಭೋಗರದ್ದು ಇದ್ದಂಗೆ ಅಂತ ಎಲ್ಲರೂ ಹೇಳೋರು.

ಅಪ್ಪ ಹೋಗಿ ಎರಡು ವರ್ಷಕ್ಕೆ ಮಗಳ ಮದುವೆ ಗೊತ್ತಾಯ್ತು. ಪ್ರೆಸ್ಸಿನ ಲಗ್ನಪತ್ರಿಕೆ ಹೆಂಗೂ ಊರಿಗೆಲ್ಲ ಹಂಚಕ್ಕೆ ಬೇಕು, ಅದು ಬೇರೆ. ಹತ್ತಿರದ ನೂರಿಪ್ಪತ್ತು ಮನೆಗೆ ಮಾತ್ರ ಮನೇಲೇ ಕೈಯಾರೆ ಒಂದೊಂದು ಕಾರ್ಡು ಮಾಡಬೇಕು, ನೆತ್ತಿಯ ಮೇಲೆ ತಾತನ ‘ಶ್ರೀ’ ಇರಬೇಕು ಅಂತ ಮಗಳು ಹಟ ಹಿಡಿದ್ಲು. ಪ್ರಿಂಟ್ ಹಾಕಿಸಿದ್ರೆ ಅಚ್ಚುಕಟ್ಟಾಗಿ ಬರುತ್ತೆ ನಿಜ. ಅವಳಿಗೆ ಅದು ಬೇಡ. ಇಂಕು ಕಾಗದಕ್ಕೆ ಇಳಿದಿರಬೇಕು, ಬೆರಳಿಟ್ರೆ ಗೊತ್ತಾಗಬೇಕು ಅಂದ್ಲು.

ಲೆಕ್ಕದ ಪುಸ್ತಕದಾಗೆ ಚೆಂದವಾದ ಒಂದು ‘ಶ್ರೀ’ ಹುಡುಕಿ, ಫೋಟೋ ತೆಗೆದು, ಚಿಕ್ಕಬಳ್ಳಾಪುರದಲ್ಲಿ ಒಂದು ಅಂಗಡಿಗೆ ಕೊಟ್ವಿ. ಎರಡು ದಿನಕ್ಕೆ ರಬ್ಬರ್ ಠಸ್ಸೆ ಕೈಗೆ ಬಂತು. ಮನೆಗೆ ತಂದು ಮೊದಲನೇದು ಒತ್ತಿದ್ರೆ, ಅಯ್ಯೋ, ಅದೇನು ಶ್ರೀನೋ ಕಪ್ಪೆನೋ. ‘ಶ’ದ ಒಳಗಿನ ಹೊಟ್ಟೆ ಪೂರಾ ಇಂಕು ತುಂಬ್ಕೊಂಡು ಮುಚ್ಚೋಗಿತ್ತು. ಸುತ್ತ ರಬ್ಬರಿನ ಅಂಚಿನ ಗೆರೆ ಬಿದ್ದಿತ್ತು. ಅಷ್ಟೆಲ್ಲ ಇಂಕಿದ್ರೂ ದೀರ್ಘದ ಮಧ್ಯದಾಗೆ ಬಿಳೀ ಮಚ್ಚೆ, ಉಪ್ಪು ಚೆಲ್ಲಿದಂಗೆ. ಎರಡನೇದಕ್ಕೆ ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಕೆಟ್ಟದಾಯ್ತು. ಎಂಟು ಕಾಗದ ಹಾಳು ಮಾಡಿ, ಕೈ ನೀಲಿ ಮಾಡ್ಕೊಂಡು, ಸುಮ್ನೆ ಕೂತ್ಕೊಂಡೆ. ಅಪ್ಪನ ಕೈ ಅಂಗೆ ಹರಡಿ ಬಿದ್ದಿರೋದು ನೋಡಕ್ಕೆ ಆಗ್ಲಿಲ್ಲ ನನ್ಗೆ.

ಆಗ ನನ್ನ ತಮ್ಮ, ಚಿಂತಾಮಣಿಯಲ್ಲಿ ಹಳೇ ಕಾಲದಿಂದ ಸೀಲು ಮಾಡೋ ಯಜಮಾನರೊಬ್ಬರವ್ರೆ, ಈಗ ಅಂಗಡಿ ಮುಚ್ಚವ್ರೆ, ಮನೆಗೇ ಹೋಗಿ ಕೇಳು ಅಂದ. ಹೋದೆ. ಠಸ್ಸೆ, ಪ್ಯಾಡು, ಕಾಗದ ಎಲ್ಲಾ ಚೀಲದಾಗೆ ಹಾಕ್ಕೊಂಡೇ ಹೋದೆ. ಮನೆಯಾಗೆ ತೆಲುಗು ಮಾತು, ನಮ್ಮ ಕಡೆ ಅದೇನು ಹೊಸದಲ್ಲ. ಠಸ್ಸೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ್ರು. ಉಗುರಿನಾಗೆ ರಬ್ಬರು ಒತ್ತಿದ್ರು. ನನ್ನ ಕೈಲಿ ಒಂದ್ಸಲ ಒತ್ತಿಸಿದ್ರು. “ಮೆಲ್ಲಗಾ ಅಮ್ಮಾ, ಮೆಲ್ಲಗಾ” ಅಂದು, ಆಮೇಲೆ ಕನ್ನಡದಾಗೆ, “ನೀವು ಠಸ್ಸೆ ಒತ್ತಾ ಇಲ್ಲ, ಮೆಣಸು ಅರೀತಾ ಇದೀರಿ” ಅಂದ್ರು.

ಅವರು ಹೇಳಿದ್ದನ್ನ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ, ಅವರ ಮನೆ ಮೂಲೆಯಲ್ಲಿ ಕಂಡ ಕಬ್ಬಿಣದ ಪುಟ್ಟ ಪ್ರೆಸ್ಸಿನ ಮಾತು. ನೋಡಕ್ಕೆ ಶ್ಯಾವಿಗೆ ಒರಳಿನಂಗೇ, ಮೇಲೆ ತಿರುಪು, ಕೆಳಗೆ ಎರಡು ದಪ್ಪ ತಟ್ಟೆ. ಹಳೇ ಕಾಲದಾಗೆ ಸೀಸದ ಮೊಳೆಗಳನ್ನ ಒಂದೊಂದಾಗಿ ಜೋಡಿಸಿ, ಅದರ ಮೇಲೆ ಅಚ್ಚಿನ ಹಲಗೆ ಇಲ್ಲಾ ಪ್ಲಾಸ್ಟರು ಒತ್ತಿ ಗುಣಿ ತೆಗೀತಿದ್ರು. ಆ ಗುಣಿಯ ಮೇಲೆ ಹಸಿ ರಬ್ಬರಿನ ಹಾಳೆ ಹಾಸಿ, ಈ ಪ್ರೆಸ್ಸಿನಲ್ಲಿ ಬಿಗಿದು, ಸುಮಾರು 150 ಡಿಗ್ರಿ ಕಾವಿನಾಗೆ ಬೇಯಿಸೋದು. ರಬ್ಬರು ಗುಣಿಯೊಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತೆ. ಆಮೇಲೆ ಸಿಪ್ಪೆ ಸುಲಿದಂಗೆ ಎಳೆದು, ಕತ್ತರಿಸಿ, ತೆಳು ಸ್ಪಂಜಿನ ಮೇಲೆ ಅಂಟಿಸಿ, ಮರದ ಹಿಡಿಗೆ ಕೂರಿಸೋದು. ಈಗಿನವು ಲೇಸರಿನಲ್ಲಿ ಕೊರೆಯೋವು, ಇಲ್ಲಾ ಬೆಳಕಿಗೆ ಗಟ್ಟಿಯಾಗೋ ಪಾಲಿಮರು. ಕೆಲಸ ಹತ್ತು ನಿಮಿಷದ್ದು.

ಈ ಬೇಯಿಸೋ ವಿದ್ಯೆಯ ಕಥೆ ಅಮೆರಿಕದ್ದು. ಹಸಿ ರಬ್ಬರು ಬಿಸಿಲಿಗೆ ಹಲಸಿನ ಅಂಟಿನಂಗೆ ಅಂಟುತ್ತೆ, ಚಳಿಗೆ ಬಿರುಕು ಬಿಡುತ್ತೆ, ಯಾವ ಕೆಲಸಕ್ಕೂ ಬಾರದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅನ್ನೋನು ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ್ರೆ ಅದು ಶಾಶ್ವತವಾಗಿ ಬಾಗೋ ಗುಣ ಉಳಿಸ್ಕೊಳ್ಳುತ್ತೆ ಅಂತ ಕಂಡ್ಕೊಂಡ. 1844ರಲ್ಲಿ ಪೇಟೆಂಟು ಸಿಕ್ತು. ಪಾಪ, ಅವನು ಸಾಲದಲ್ಲೇ 1860ರಲ್ಲಿ ಸತ್ತ. ಅವನ ಹೆಸರಿನ ಟೈರು ಕಂಪನಿಗೂ ಅವನ ಮನೆತನಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಅವರು ಇಟ್ಕೊಂಡ್ರು. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರುಗಳು ಕಟ್ಟುಹಲ್ಲಿನ ಒಸಡನ್ನ ಗಟ್ಟಿ ರಬ್ಬರಿನಲ್ಲಿ ಬೇಯಿಸಿ ಮಾಡ್ತಿದ್ರು. 1860ರ ದಶಕದಾಗೆ ಠಸ್ಸೆ ಮಾಡೋಕೆ ಹೊರಟ ಮೊದಲಿನವರು ಬಳಸಿದ್ದು ಆ ಹಲ್ಲಿನ ಡಾಕ್ಟರ ಪಾತ್ರೆಗಳನ್ನೇ. ಮೊದಲು ಮಾಡಿದ್ದು ನಾನು ನಾನು ಅಂತ ಆಗಲೇ ಕಿತ್ತಾಡಿದ್ರಂತೆ, ಆ ಜಗಳ ನಮಗ್ಯಾಕೆ.

ರಬ್ಬರು ಬಂದಿದ್ದು ಯಾಕೆ ದೊಡ್ಡದು ಅಂದ್ರೆ, ಅದು ಬಾಗುತ್ತೆ. ಅದಕ್ಕೂ ಮುಂಚಿನ ಮುದ್ರೆಗಳೆಲ್ಲ ಗಟ್ಟಿ. ಲೋಹ, ಮರ, ಕಲ್ಲು. ಗಟ್ಟಿ ಮುದ್ರೆಗೆ ಮೆತ್ತನೇ ವಸ್ತು ಬೇಕು. ಮೇಣ, ಅರಗು, ಒದ್ದೆ ಮಣ್ಣು. ನಮ್ಮ ಕಡೆಯ ರಾಜರ ತಾಮ್ರಶಾಸನಗಳನ್ನ ನೋಡಿ. ಪಟಗಳಿಗೆ ತೂತು ಮಾಡಿ, ಬಳೆ ಪೋಣಿಸಿ, ಬಳೆಯ ಎರಡು ತುದಿ ಕೂಡೋ ಜಾಗದಲ್ಲಿ ಮುದ್ರೆ ಕೂರಿಸ್ತಿದ್ರು. ಗಂಗರದ್ದಾದ್ರೆ ಆನೆ, ವಿಜಯನಗರದವರದ್ದಾದ್ರೆ ವರಾಹ. ಚಿಕ್ಕಬಳ್ಳಾಪುರದ ಹೆಸರಿನದ್ದೇ ತಾಮ್ರಪಟ ಐತೆ, ಬಾಣರ ಕಾಲದ್ದು, ಕ್ರಿ.ಶ. 810ರ ಸುಮಾರಿನದ್ದು, ನಂದಿಯ ಶಿವಾಲಯದ ಮಾತು ಅದರಲ್ಲಿ ಬರುತ್ತೆ. ನಾವು ಭೋಗನಂದೀಶ್ವರನ ಗುಡಿಗೆ ಹೋಗಿ ಪುಳಿಯೋಗರೆ ತಿಂದು ಬರ್ತೀವಿ, ಇದು ತಲೇಲಿ ಇರಲ್ಲ.

ವಿಜಯನಗರದ ತಾಮ್ರಶಾಸನಗಳಲ್ಲಿ ನನಗೆ ಇಷ್ಟವಾದ ಸಂಗತಿ ಇನ್ನೊಂದೈತೆ. ಒಳಗಿನ ಬರಹ ಸಂಸ್ಕೃತ, ಲಿಪಿ ನಂದಿನಾಗರಿ. ಕೊನೆಗೆ ರಾಜನ ಅಂಕಿತ ಬರೋ ಜಾಗದಲ್ಲಿ ಮಾತ್ರ ‘ಶ್ರೀ ವಿರೂಪಾಕ್ಷ’ ಅಂತ ದಪ್ಪ ಕನ್ನಡ ಅಕ್ಷರ. ರಾಜ ತನ್ನ ಹೆಸರು ಬರೆಯಲ್ಲ, ದೇವರ ಹೆಸರು ಬರೀತಾನೆ, ಅದೇ ರುಜು. ನಮ್ಮಪ್ಪನೂ ಲೆಕ್ಕದ ಪುಸ್ತಕದಾಗೆ ಎಲ್ಲೂ ತನ್ನ ಹೆಸರು ಬರೆದಿಲ್ಲ. ‘ಶ್ರೀ’ ಇದ್ರೆ ಅಪ್ಪನ ಲೆಕ್ಕ, ಇಲ್ದಿದ್ರೆ ಅಲ್ಲ. ಇದನ್ನ ನಾನು ಚಿಂತಾಮಣಿಯಿಂದ ಬರೋ ಬಸ್ಸಿನಾಗೆ ಯೋಚನೆ ಮಾಡಿ ಕಣ್ಣಲ್ಲಿ ನೀರು ಹಾಕ್ಕೊಂಡೆ, ಪಕ್ಕದ ಸೀಟಿನ ಹೆಂಗಸು ಏನಮ್ಮಾ ಅಂತ ಕೇಳಿದ್ಲು.

ಗಟ್ಟಿ ಮುದ್ರೆಯನ್ನ ಕಾಗದದ ಮೇಲೆ ಒತ್ತೋದು ಅಂಚೆಯವರ ವಿದ್ಯೆ. ಮೈಸೂರಲ್ಲಿ 1672ರಲ್ಲೇ ಚಿಕ್ಕದೇವರಾಜ ಒಡೆಯರು ಅಂಚೆ ಏರ್ಪಾಟು ಮಾಡಿದ್ರು, 1889ರಲ್ಲಿ ಅದು ಬ್ರಿಟಿಷರ ಅಂಚೆಯೊಳಗೆ ಸೇರಿಹೋಯ್ತು. ಅಂಚೆ ಕಚೇರಿಯಲ್ಲಿ ಟಪ್ ಟಪ್ ಅಂತ ಹೊಡೆಯೋದು ಕೇಳಿರ್ತೀರಿ. ಲೋಹದ ಮುದ್ರೆಯಾದ್ದರಿಂದ ಕಾಗದದ ಕೆಳಗೆ ಮೆತ್ತೆ ಬೇಕೇ ಬೇಕು, ಬರೀ ಮೇಜಿನ ಮೇಲೆ ಹೊಡೆದ್ರೆ ಅರ್ಧ ವೃತ್ತ ಬೀಳುತ್ತೆ. ಇಂಕೂ ಬೇರೆ. ಲೋಹಕ್ಕೆ ಎಣ್ಣೆಯ ಇಂಕು, ರಬ್ಬರಿಗೆ ಗ್ಲಿಸರಿನ್ ಬೆರೆತ ಇಂಕು. ಅದಲು ಬದಲು ಮಾಡಿದ್ರೆ ಎಣ್ಣೆ ಕುಡಿದು ರಬ್ಬರು ಊದ್ಕೊಳ್ಳುತ್ತೆ. ದಿನಾ ಬೆಳಿಗ್ಗೆ ತಾರೀಖು ಬದಲಿಸಿದ ಮೇಲೆ ಅಂಚೆಯವರು ಒಂದು ಪುಸ್ತಕದಾಗೆ ಮುದ್ರೆ ಒತ್ತಿ ನೋಡ್ಬೇಕು, ತಾರೀಖು ಸರಿಯಾಗಿ ಐತಾ, ಅಚ್ಚು ಸ್ಪಷ್ಟ ಬಂತಾ ಅಂತ. ಕೋರ್ಟಿನಾಗೆ ಒಂದು ಪತ್ರ ಯಾವತ್ತು ಬಂತು ಅನ್ನೋದಕ್ಕೆ ಆ ಮುದ್ರೆಯೇ ಸಾಕ್ಷಿ. ಅಚ್ಚು ಮಾಸಿದ್ರೆ ಸಾಕ್ಷಿಯೂ ಮಾಸಿದಂಗೆ.

ಯಜಮಾನರು ಮಾತಾಡ್ತಾ ಮಾತಾಡ್ತಾ ಶಾಸನದ ಕಲ್ಲಿಗೆ ಕಾಗದ ಬಡಿಯೋರನ್ನ ನೋಡಿದೀರಾ ಅಂದ್ರು. ನೋಡಿದ್ದೆ. ನಾನು ಹೈಸ್ಕೂಲಲ್ಲಿದ್ದಾಗ ನಮ್ಮೂರ ಕೆರೆ ಏರಿ ಹತ್ರ ಬಿದ್ದಿದ್ದ ಕಲ್ಲಿಗೆ ಕಾಲೇಜಿನ ಮೇಷ್ಟ್ರೊಬ್ಬರು ಬಂದು ಪಡಿಯಚ್ಚು ತೆಗೆದಿದ್ರು. ನಾವು ಹುಡುಗೀರು ನೀರು ತಂದುಕೊಟ್ವಿ. ಮೊದಲು ಬ್ರಷ್ಷಿನಿಂದ ಕಲ್ಲು ತೊಳೆದ್ರು, ಪಾಚಿ ಪೂರಾ ಹೋಗೋ ತನಕ. ಆಮೇಲೆ ಕಾಗದ ಒದ್ದೆ ಮಾಡಿ ಕಲ್ಲಿನ ಮೇಲೆ ಹಾಸಿ, ಗಟ್ಟಿ ಬಿರುಗೂದಲಿನ ಬ್ರಷ್ಷಿನಿಂದ ಪಟಪಟ ಅಂತ ಬಡಿದ್ರು. ಕಾಗದ ಅಕ್ಷರದ ಗುಣಿಗಳೊಳಗೆ ಇಳೀತು. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಇಂಕು, ಅಂದ್ರೆ ದೀಪದ ಕಾಡಿಗೆಗೆ ಗೋಂದು ಕಲಸಿದಂಥದ್ದು, ಹಚ್ಚಿಕೊಂಡು ಮೆತ್ತಗೆ ತಟ್ಟಿದ್ರು. ಮೇಲಿನ ನೆಲ ಕಪ್ಪಾಯ್ತು, ಗುಣಿಯಲ್ಲಿದ್ದ ಅಕ್ಷರ ಬೆಳ್ಳಗೆ ಎದ್ದು ನಿಂತ್ವು. ಅಷ್ಟು ವರ್ಷ ನಾವು ಬಟ್ಟೆ ಒಗೆಯಕ್ಕೆ ಬಳಸ್ತಿದ್ದ ಕಲ್ಲು ಮಾತಾಡಿದಂಗಾಯ್ತು.

“ಉಂಡೆಗೆ ಇಂಕು ಜಾಸ್ತಿ ಆದ್ರೆ?” ಅಂತ ಯಜಮಾನರು ಕೇಳಿದ್ರು. ಅಕ್ಷರದೊಳಕ್ಕೂ ಇಂಕು ಹರಿದು ಎಲ್ಲಾ ಕಪ್ಪೇ ಆಗುತ್ತೆ. “ನಿಮ್ಮ ಶ್ರೀನೂ ಅದೇ.”

ನಮ್ಮ ಸೀಮೆಯ ಚರಿತ್ರೆ ಅಂತ ಏನೈತೋ ಅದರಲ್ಲಿ ಮುಕ್ಕಾಲು ಪಾಲು ನಿಂತಿರೋದು ಇಂಥ ಅಚ್ಚುಗಳ ಮೇಲೆ, ಕಲ್ಲು ನೋಡಿ ಬರ್ಕೊಂಡ ಪ್ರತಿಗಳ ಮೇಲೆ. ಬೆಂಗಳೂರಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್, ಅವರ ಇಲಾಖೆಯ ಪಂಡಿತರು ಊರೂರು ತಿರುಗಿ ಶಾಸನ ಕೂಡಿಸಿದ್ರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದ್ದು, 1905ರಲ್ಲಿ ಬಂತು. ಆಗ ನಾವೆಲ್ಲ ಕೋಲಾರವೇ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಆ ಪುಸ್ತಕದಾಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳಿಗೆ ಬೇರೆ ಬೇರೆ ಭಾಗ. ಕನ್ನಡ, ತೆಲುಗು, ತಮಿಳು ಮೂರು ಭಾಷೆಯ ಶಾಸನಗಳೂ ಅವೆ. ಕೆರೆ ಕಟ್ಟಿಸಿದವರು, ದನ ಬಿಡಿಸಕ್ಕೆ ಹೋಗಿ ಸತ್ತವರು, ಗುಡಿಗೆ ಗದ್ದೆ ಬಿಟ್ಟವರು. ಆಗ ನಿಂತಿದ್ದ ಕಲ್ಲುಗಳಲ್ಲಿ ಎಷ್ಟೋ ಈಗ ಮನೆಯ ಪಾಯಕ್ಕೋ ರಸ್ತೆಗೋ ಹೋಗಿಬಿಟ್ಟವೆ. ಅಂಥ ಕಲ್ಲಿನದ್ದು ಈಗ ಉಳಿದಿರೋದು ಕಾಗದದ ಮೇಲಿನ ಅಕ್ಷರ ಮಾತ್ರ. ಅವತ್ತು ಯಾರೋ ಪಂಡಿತರು ಬೇಜಾರಾಗಿ ಅರ್ಧಂಬರ್ಧ ಅಚ್ಚು ತೆಗೆದಿದ್ರೆ ಆ ಊರಿನವರ ಹೆಸರೂ ಅಷ್ಟಕ್ಕೇ.

ಠಸ್ಸೆಯ ವಿಷಯದಾಗೆ ನಮ್ಮ ಯಜಮಾನರದ್ದೂ ಒಂದು ಕಥೆ ಐತೆ. ಅವರ ಊರು ಗೌರಿಬಿದನೂರು ಕಡೆ, ಮೇಷ್ಟ್ರ ಕೆಲಸ, ಹಂಗಾಗಿ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ನಮ್ಮ ದೇಶದ ಮೊದಲೆರಡು ಸಾರ್ವತ್ರಿಕ ಚುನಾವಣೆಯಲ್ಲಿ ಠಸ್ಸೆಯೇ ಇರ್ಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ, ನಿಮಗೆ ಬೇಕಾದ್ದರೊಳಗೆ ಕಾಗದ ಹಾಕಿ ಬರೋದು. ಹೆಸರುಗಳೆಲ್ಲ ಒಂದೇ ಮತಪತ್ರದಾಗೆ ಇದ್ದು ಠಸ್ಸೆ ಒತ್ತೋ ಪದ್ಧತಿ ಬಂದದ್ದು ಆಮೇಲೆ, 1962ರ ಚುನಾವಣೆ ಹೊತ್ತಿಗೆ. ಬೆರಳಿಗೆ ಹಚ್ಚೋ ಅಳಿಯದ ಮಸಿಯೂ ಅದೇ 1962ರಿಂದ, ಅದನ್ನ ಮಾಡೋರು ನಮ್ಮ ಮೈಸೂರಿನ ಕಾರ್ಖಾನೆಯವರೇ.

ಆ ಮತಪತ್ರದ ಠಸ್ಸೆ ಗುರುತು ನೋಡಿದೀರಲ್ಲ, ಒಂದರ ಮೇಲೊಂದು ಅಡ್ಡ ಹಾಕಿದ ಬಾಣಗಳಂಗೆ, ತುದಿಗಳು ಒಂದೇ ದಿಕ್ಕಿಗೆ ತಿರುಗಿರೋದು. ಅದರಲ್ಲೊಂದು ಜಾಣತನ ಐತೆ. ಇಂಕು ಹಸಿಯಾಗಿದ್ದಾಗ ಕಾಗದ ಮಡಿಸಿದ್ರೆ ಎದುರು ಕಡೆಗೂ ಅಚ್ಚು ಬೀಳುತ್ತೆ. ಬರೀ ಗುಣಿಸೋ ಗುರುತೋ ಸೊನ್ನೆಯೋ ಆಗಿದ್ರೆ ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಗೊತ್ತಾಗ್ತಿರ್ಲಿಲ್ಲ. ಈ ಗುರುತಾದ್ರೆ ಅಂಟಿದ್ದು ಕನ್ನಡಿಯೊಳಗಿನಂಗೆ ತಿರುಗಾ ಮುರುಗಾ ಬೀಳುತ್ತೆ, ಹಿಡಿದುಬಿಡಬಹುದು. 1961ರ ಚುನಾವಣಾ ನಿಯಮದಲ್ಲೇ ಬರೆದವ್ರೆ, ಗುರುತು ಅಸ್ಪಷ್ಟವಾಗಿದೆ ಅಂತಲೋ ಒಂದಕ್ಕಿಂತ ಹೆಚ್ಚು ಸಲ ಒತ್ತಿದ್ದಾರೆ ಅಂತಲೋ ಬರೀ ಆ ಕಾರಣಕ್ಕೆ ಓಟು ತಳ್ಳಿಹಾಕಬಾರದು, ಯಾರಿಗೆ ಹಾಕಿದ್ದು ಅಂತ ಕಾಗದದಿಂದ ಸ್ಪಷ್ಟವಾದ್ರೆ ಸಾಕು ಅಂತ. ಬರೆಯೋದು ಸುಲಭ. ಪಂಚಾಯ್ತಿ ಎಣಿಕೆಯ ಮೇಜಿನ ಹತ್ರ ಏಜೆಂಟರು ಸುತ್ತ ನಿಂತು ಕೂಗ್ತಿರುವಾಗ ಆ ನೀಲಿ ಮಚ್ಚೆ ಗೆರೆಯ ಮೇಲೈತಾ ಕೆಳಗೈತಾ ಅಂತ ಹೇಳೋದು ಬೇರೆ. 2004ರಿಂದ ಎಂಎಲ್‌ಎ, ಎಂಪಿ ಚುನಾವಣೆಗೆ ಮೆಷಿನ್ನೇ ಆಯ್ತು. ಗ್ರಾಮ ಪಂಚಾಯ್ತಿಗೆ ಮಾತ್ರ 2020ರ ಡಿಸೆಂಬರಿನಲ್ಲೂ ಬೀದರ್ ಬಿಟ್ರೆ ಎಲ್ಲಾ ಕಡೆ ಕಾಗದ, ಠಸ್ಸೆ. ಯಾವ ಮನುಷ್ಯ ಹತ್ತಾರು ಓಟಿನಲ್ಲಿ ಗೆಲ್ತಾನೋ ಅಲ್ಲೇ ಇನ್ನೂ ಇಂಕು ಉಳಿದಿರೋದು ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಾಗಲ್ಲ. ನಮ್ಮ ಯಜಮಾನರಂತೂ ಮೆಷಿನ್ನೇ ಇರ್ಲಿ ಅಂತಾರೆ.

ನಮ್ಮಜ್ಜಿ ಹೆಬ್ಬೆಟ್ಟಿನವಳು. ಬಿಚ್ಚಣಿಕೆ ಮನೇಲಿ ಬಿಸಿನೀರಿನೊಳಗೆ ಕೈ ಅದ್ದಿ ಅದ್ದಿ ಎಳೆ ತೆಗೆದ ಕೈ. ಜಮೀನು ಪಾಲಾದಾಗ ರಿಜಿಸ್ಟ್ರಿ ಆಫೀಸಿನಾಗೆ ಅವಳ ಹೆಬ್ಬೆಟ್ಟು ಮೂರು ಸಲ ಒತ್ತಿಸಿದ್ರೂ ಬರೀ ನೀಲಿ ಉಂಡೆ. ಗೆರೆಯೇ ಸವೆದು ಹೋಗಿತ್ತು. ಅಜ್ಜಿ ಗುಮಾಸ್ತರಿಗೆ “ಕಾಗದ ಚೆನ್ನಾಗಿಲ್ಲ ಕಣಪ್ಪ” ಅಂದ್ಲಂತೆ. ಅಪ್ಪ ಇದನ್ನ ಹೇಳ್ಕೊಂಡು ನಗೋನು, ಆಮೇಲೆ ಸುಮ್ಮನಾಗೋನು.

ಈಗ ಚಿಂತಾಮಣಿಯ ಯಜಮಾನರು ಹೇಳ್ಕೊಟ್ಟಿದ್ದು. ಮೊದಲು, ಹೊಸ ಠಸ್ಸೆಗೆ ಎಣ್ಣೆಯಂಥ ಪಸೆಯೋ ಹುಡಿಯೋ ಇರುತ್ತೆ, ಇಂಕು ನಿಲ್ಲಲ್ಲ, ಜಾರಿ ಮಣಿಮಣಿ ಆಗುತ್ತೆ. ನನ್ನ ಉಪ್ಪು ಚೆಲ್ಲಿದಂಥ ಮಚ್ಚೆ ಅದರಿಂದ. ಪೆನ್ಸಿಲ್ ಅಳಿಸೋ ರಬ್ಬರಿನಿಂದ ಮೆತ್ತಗೆ ಮುಖ ಉಜ್ಜಬೇಕು. ಪೆಟ್ರೋಲು ಸೀಮೆಎಣ್ಣೆ ಸೋಕಿಸಬಾರದು, ಒದ್ದೆ ಬಟ್ಟೆ ಸಾಕು. ಎರಡನೇದು, ಠಸ್ಸೆಯನ್ನ ಪ್ಯಾಡಿನೊಳಗೆ ಅದುಮಬಾರದು, ತಟ್ಟಬೇಕು. ಅದುಮಿದ್ರೆ ಇಂಕು ಅಕ್ಷರದ ಪಕ್ಕಕ್ಕೂ ತಳಕ್ಕೂ ಹೋಗುತ್ತೆ. ಅಂಚಿನ ಗೆರೆ ಬೀಳೋದು ಅಲ್ಲಿಂದ. ಠಸ್ಸೆ ದೊಡ್ಡದಾದ್ರೆ ಅದನ್ನ ಮಲಗಿಸಿ, ಪ್ಯಾಡನ್ನೇ ಕೈಲಿ ಹಿಡಿದು ಅದರ ಮೇಲೆ ತಟ್ಟೋದು. ಮೇಷ್ಟ್ರು ಕಲ್ಲಿಗೆ ಉಂಡೆ ತಟ್ಟಿದಂಗೇ. ಕನ್ನಡದ ಅಕ್ಷರಕ್ಕೆ ಇದು ಇನ್ನೂ ಮುಖ್ಯ, ನಮ್ಮದೆಲ್ಲ ದುಂಡು, ಒಳಗೆ ಸಣ್ಣ ಸಣ್ಣ ಹೊಟ್ಟೆ, ಕೆಳಗೆ ಇನ್ನೂ ಸಣ್ಣ ಒತ್ತು. ಇಂಗ್ಲಿಷಿನ ಅಕ್ಷರ ತಡ್ಕೊಳ್ಳೋ ಇಂಕು ನಮ್ಮದು ತಡ್ಕೊಳ್ಳಲ್ಲ.

ಮೂರನೇದು ನನ್ನ ತಪ್ಪು. ನಾನು ಚೆಂದಕ್ಕೆ ಅಂತ ಕೈಯಿಂದ ಮಾಡಿದ ತರಿತರಿ ಕಾಗದ ತಂದಿದ್ದೆ. ಅದರ ಉಬ್ಬಿನ ಮೇಲೆ ಇಂಕು ಬೀಳುತ್ತೆ, ತಗ್ಗಿನಾಗೆ ಬೀಳಲ್ಲ. ಕಾಗದ ಬದಲಿಸು ಅಂತ ಅವರು ಹೇಳ್ಲಿಲ್ಲ. “ಕೆಳಗೆ ಏನಿಟ್ಟಿದ್ರಿ?” ಅಂದ್ರು. ಗ್ರಾನೈಟ್ ಕಟ್ಟೆ. ತಲೆ ಚಚ್ಕೊಂಡ್ರು. ಕಾಗದದ ಕೆಳಗೆ ಮೆತ್ತೆ ಬೇಕು, ಹಳೇ ಕಂಪ್ಯೂಟರ್ ಮೌಸಿನ ಪ್ಯಾಡು ಇದ್ರೆ ಇನ್ನೂ ಒಳ್ಳೇದು. ಠಸ್ಸೆ ಒತ್ತಿದಾಗ ಕಾಗದ ಸ್ವಲ್ಪ ತಗ್ಗಿ ರಬ್ಬರಿನ ಮುಖಕ್ಕೆ ತಾನೇ ಕೂಡ್ಕೊಳ್ಳುತ್ತೆ. ನೇರ ಇಳಿಸಿ, ಒಂದು ಕೈಲಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಹಿಡಿಯ ನಾಲ್ಕೂ ಮೂಲೆ ಒಂದೊಂದಾಗಿ ಒತ್ತಿ, ಆಡಿಸದೆ ನೇರ ಎತ್ತೋದು. ನೀರಿನಂಥ ಇಂಕು ಬಿಟ್ಟು ಗಟ್ಟಿ ಬಣ್ಣದ, ಪಿಗ್ಮೆಂಟ್ ಇಂಕು ತಗೊಳ್ಳಿ, ಅದು ಕಾಗದದ ಮೇಲೇ ಕೂರುತ್ತೆ, ನಾರಿನೊಳಗೆ ಹರಡಲ್ಲ, ಆದ್ರೆ ಒಣಗಕ್ಕೆ ಒಂದಿನ ಬಿಡಿ ಅಂದ್ರು. ದುಡ್ಡು ಕೊಡಕ್ಕೆ ಹೋದ್ರೆ ತಗೊಳ್ಳಲಿಲ್ಲ. ಕಾರ್ಡು ಕೊಡಿ ಅಂದ್ರು.

ಮನೆಗೆ ಬಂದು ಅಂಗೇ ಮಾಡಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲಿನಾಗೆ ಕೂತು, ಮಗಳ ಹಳೇ ಮೌಸ್ ಪ್ಯಾಡಿನ ಮೇಲೆ ಒಂದು ಕಾಗದ ಇಟ್ಟು, ತಟ್ಟಿ, ಇಳಿಸಿ, ನಾಲ್ಕು ಮೂಲೆ ಒತ್ತಿ, ಎತ್ತಿದೆ. ‘ಶ’ದ ಹೊಟ್ಟೆ ತೆರೆದಿತ್ತು. ಕುಡುಗೋಲಿನ ಒತ್ತು ತುದಿಯ ತನಕ ಕಂಡಿತು. ದೀರ್ಘ ಬಲಕ್ಕೆ ಓಡಿತ್ತು, ಅತಿಯಾಗೇ. ಮಗಳನ್ನ ಎಬ್ಬಿಸಿದೆ. ಅವಳು ಕಣ್ಣುಜ್ಜಿಕೊಂಡು ನೋಡಿ, “ತಾತ ಲೆಕ್ಕ ಶುರು ಮಾಡಿದ” ಅಂದ್ಲು.

ನೂರಿಪ್ಪತ್ತಕ್ಕೆ ನೂರಮೂವತ್ತೆರಡು ಕಾಗದ ಬೇಕಾಯ್ತು. ಮೂರು ರಾತ್ರಿಯ ಕೆಲಸ. ಹಗ್ಗ ಕಟ್ಟಿ, ಹೂ ಒಣಗಿಸಿದಂಗೆ ಕ್ಲಿಪ್ಪು ಹಾಕಿ ಒಣಗಿಸಿದ್ವಿ, ಆಮೇಲೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ವಿ. ಅರಿಶಿನ ನೀರಾದ್ರೆ ಅದೂ ಹರಡುತ್ತೆ, ಎಣ್ಣೆಯಲ್ಲಿ ಕಲಸ್ದೆ. ಮೊದಲನೇ ಕಾರ್ಡು ಚಿಂತಾಮಣಿಗೆ ಹೋಯ್ತು. ಹಾಳಾದ ಹನ್ನೆರಡನ್ನೂ ಎಸೆದಿಲ್ಲ, ಅಪ್ಪನ ಕೊನೇ ಲೆಕ್ಕದ ಪುಸ್ತಕದೊಳಗೆ ಇಟ್ಟಿದೀನಿ. ಠಸ್ಸೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ರಬ್ಬರಿನ ಮುಖ ಮೇಲಕ್ಕೆ ಮಾಡಿ, ಬಿಸಿಲು ಬೀಳದ ಬೀರುವಿನಾಗೆ ಒಂದು ಡಬ್ಬಿಯೊಳಗೆ ಇಟ್ಟೀನಿ. ಮುಂದಿನ ವರ್ಷ ತಮ್ಮನ ಮನೆ ಗೃಹಪ್ರವೇಶ ಐತೆ, ಈಗಲೇ ಕೇಳಿಟ್ಟವ್ನೆ.